ಹೆಬ್ಬೆರಳಿನಷ್ಟು ಗಾಳಿ

ಹೆಬ್ಬೆರಳನ್ನು ಟೈರಿನ ಮೇಲಿಟ್ಟು ಎಷ್ಟು ಹೊತ್ತಾಯಿತೆಂದು ಕುಬೇರಪ್ಪನಿಗೆ ತಿಳಿಯಲಿಲ್ಲ. ಒತ್ತುತ್ತಿದ್ದಾನೋ, ಸುಮ್ಮನೆ ಇಟ್ಟುಕೊಂಡಿದ್ದಾನೋ, ಅದೂ ತಿಳಿಯಲಿಲ್ಲ. ಪಿ.ಜೆ. ಬಡಾವಣೆಯ ಅವನ ಸೈಕಲ್ ಅಂಗಡಿಯ ಶಟರು ಅರ್ಧ ಮಾತ್ರ ಎದ್ದಿತ್ತು. ಅದರ ಕೆಳಗಿಂದ ಭಾನುವಾರದ ಬಿಸಿಲು ಮೊಳದುದ್ದ ಒಳಗೆ ಬಂದು, ಎಷ್ಟೋ ವರ್ಷದ ಗ್ರೀಸು ಕುಡಿದು ಕಪ್ಪಾದ ನೆಲದ ಮೇಲೆ ಬೆಕ್ಕಿನಂತೆ ಮಲಗಿತ್ತು. ಎದುರಿಗೆ ಅಕ್ಕ ಕಮಲಕ್ಕನ ಮಗಳು ಅಂಬಿಕಾಳ ಸೈಕಲ್ಲು. ಗುಡ್ಡ ಇಳಿಯುವುದಕ್ಕೆಂದೇ ಮಾಡಿದ, ದಪ್ಪ ಟೈರಿನ, ಮುಂದಿನ ಫೋರ್ಕಿನಲ್ಲಿ ಶಾಕ್ ಇರುವ ಸೈಕಲ್ಲು. ನಿನ್ನೆ ಸಂಜೆ ಅವಳು ಎಸ್.ಎಸ್. ಬಡಾವಣೆಯ ಮನೆಯಿಂದ ಇಲ್ಲಿಯತನಕ ಅದನ್ನು ತಳ್ಳಿಕೊಂಡೇ ಬಂದು, ಗೋಡೆಗೆ ಒರಗಿಸಿ, "ಮಾವ, ಹರಿಹರದಾಗೆ ಒಬ್ರು ತಗಂತಾರಂತೆ. ನಾಳೆ ಹೋಗಿ ಕೊಟ್ಟುಬಿಡಾಣ. ಒಂಚೂರು ಒರೆಸಿ ಇಡ್ರಿ" ಎಂದು ಹೇಳಿ ಹೋಗಿದ್ದಳು. ಅವಳು ಅದನ್ನು ಹತ್ತದೆ ಮೂರು ತಿಂಗಳಾಗಿತ್ತು. ಮುಂದಿನ ಟೈರು ಈಗಲೂ ಗಟ್ಟಿಯಾಗಿತ್ತು. ಮೂರು ತಿಂಗಳಲ್ಲಿ ಒಂದಿಷ್ಟು ಗಾಳಿ ತಾನೇ ಇಳಿದುಹೋಗಿದ್ದೀತು. ಉಳಿದದ್ದು ಅವತ್ತಿನದೇ, ಕುಬೇರಪ್ಪನೇ ತುಂಬಿದ್ದು. ಅದು ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ಆ ಹೆಬ್ಬೆರಳಿಗೆ ಊರಿನಲ್ಲಿ ಒಂದು ಹೆಸರಿತ್ತು. ಹತ್ತಿ ಗಿರಣಿಗಳ ಸೈರನ್ನೇ ದಾವಣಗೆರೆಯ ಗಡಿಯಾರವಾಗಿದ್ದ ಕಾಲದಲ್ಲಿ ಅಪ್ಪ ಹಾಕಿದ ಅಂಗಡಿ ಅದು. ಪಾಳಿ ಬಿಟ್ಟ ಕೂಲಿಕಾರರು, ಲೋಕಿಕೆರೆಯ ಕಡೆಯಿಂದ ಎರಡೂ ಬದಿಗೆ ಹಾಲಿನ ಕ್ಯಾನು ತೂಗಿಸಿಕೊಂಡು ಬರುವವರು, ಮಂಡಕ್ಕಿ ಮೂಟೆ ಹೇರಿಕೊಂಡು ಹೋಗುವವರು ಎಲ್ಲರೂ ಅಲ್ಲಿ ನಿಂತೇ ಮುಂದಕ್ಕೆ ಹೋಗುತ್ತಿದ್ದರು. ಆ ಸೈಕಲ್ಲುಗಳ ಗಾಳಿ ಕಲ್ಲಿನಂತಿರಬೇಕು. ಮೆತ್ತಗಿದ್ದರೆ ಭಾರಕ್ಕೆ ಟ್ಯೂಬು ರಿಮ್ಮಿನಡಿ ಸಿಕ್ಕು ಹರಿದುಹೋಗುತ್ತದೆ. ಮೀಟರು ಗೀಟರು ಏನೂ ಇಲ್ಲ. ಪಂಪು ಒತ್ತುವುದು, ಹೆಬ್ಬೆರಳಿಂದ ಅದುಮಿ ನೋಡುವುದು. ಟೈರು ಸೋತರೆ ಇನ್ನಷ್ಟು ಹಾಕುವುದು, ಹೆಬ್ಬೆರಳು ಸೋತರೆ ಬಿಡುವುದು. ಅಪ್ಪ ಕಲಿಸಿದ ವಿದ್ಯೆ ಅಷ್ಟೇ, ಅಷ್ಟರಲ್ಲೇ ಎರಡು ತಲೆಮಾರು ಉಂಡಿತ್ತು. ಕುಬೇರಪ್ಪನ ಗಾಳಿ ಹದಿನೈದು ದಿನಕ್ಕೂ ಇಳಿಯುವುದಿಲ್ಲ ಎಂದು ಜನ ಅನ್ನುವಾಗ ಅವನು ಕೇಳಿಸದವನಂತೆ ಚೈನಿಗೆ ಎಣ್ಣೆ ಬಿಡುತ್ತಿದ್ದ, ಆದರೆ ಕಿವಿ ಮಾತ್ರ ಅಲ್ಲೇ ಇರುತ್ತಿತ್ತು. ಮನೆಗೆ ಬಂದವರೆದುರು ಹೆಂಡತಿ ಭಾಗ್ಯಲಕ್ಷ್ಮಿ, "ಇವ್ರು ನಿದ್ದೆಗಣ್ಣಾಗೆ ದಿಂಬನ್ನೂ ಒತ್ತಿ ನೋಡ್ತಾರ್ರಿ" ಎಂದು ನಗುತ್ತಿದ್ದಳು. ಈಚೆಗೆ ಅವಳು ಆ ಮಾತು ಬಿಟ್ಟಿದ್ದಳು. ಈಗ ನಿದ್ದೆಯಲ್ಲಿ ಅವನು ದಿಂಬು ಒತ್ತುವುದಿಲ್ಲ, ಎರಡೂ ಕೈಯಿಂದ ಅದರ ಗಾಳಿ ತೆಗೆಯಲು ನೋಡುತ್ತಾನೆ. ಕನಸಿನಲ್ಲಿ ಒಂದು ಟೈರು ಉಬ್ಬುತ್ತಲೇ ಹೋಗುತ್ತದೆ, ಅಂಗಡಿ ತುಂಬುತ್ತದೆ, ಬೀದಿಗೆ ಬರುತ್ತದೆ, ದೀಪದ ಕಂಬಗಳ ಮೇಲೆ ಮೆಲ್ಲಗೆ ತೇಲುತ್ತ ಪಶ್ಚಿಮಕ್ಕೆ ಹೊರಡುತ್ತದೆ. ಅವನು ವಾಲ್ವ್ ಹುಡುಕುತ್ತ ಅದರ ಸುತ್ತ ಓಡುತ್ತಿರುತ್ತಾನೆ. ವಾಲ್ವ್ ಎಲ್ಲೂ ಇರುವುದಿಲ್ಲ.

ಮೂರು ತಿಂಗಳ ಹಿಂದೆ, ಅವತ್ತು, ಕೊಂಡಜ್ಜಿ ಗುಡ್ಡದ ತಲೆಯ ಮೇಲೂ ಬಿಸಿಲು ಹೀಗೆಯೇ ಮೊಳದುದ್ದ ಇತ್ತು. ಕೆಳಗೆ ಕೆರೆಯ ನೀರಿಗೆ ಮಂಜು ಅಂಟಿಕೊಂಡಿತ್ತು. ಆಯುಧಪೂಜೆ ಕಳೆದು ನಾಲ್ಕೇ ದಿನ. ಅಂಬಿಕಾಳ ಹ್ಯಾಂಡಲ್ಲಿನ ಸಂದಿಯಲ್ಲಿ ಅವನೇ ಹಚ್ಚಿದ ಕುಂಕುಮ ಇನ್ನೂ ಇತ್ತು. ಗುಡ್ಡ ಇಳಿಯುವ ಅಂದಿನ ಸೈಕಲ್ ಸ್ಪರ್ಧೆಯಲ್ಲಿ ಮೊದಲ ಮೂವರಲ್ಲಿ ಬಂದರೆ ರಾಜ್ಯದ ತಂಡಕ್ಕೆ ಆಯ್ಕೆ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಮುಗಿಸಿ ದಿನವೂ ಸಂಜೆ ಅವಳು ಈ ಗುಡ್ಡ ಹತ್ತಿ ಇಳಿದು, ಹತ್ತಿ ಇಳಿದು, ಅದರ ಒಂದೊಂದು ತಿರುವನ್ನೂ ಮನೆಯ ಮೆಟ್ಟಿಲಿನಂತೆ ಬಲ್ಲವಳಾಗಿದ್ದಳು. "ಮಾವ, ಹಿಡ್ಕಳ್ರಿ. ನಂಬರ್ ಇಸ್ಕಂಡು ಬಂದೆ" ಎಂದು ಸೈಕಲ್ಲನ್ನು ಅವನ ಕೈಗೆ ಕೊಟ್ಟು ಹೋದಳು. ಅವನು ಹಿಡಿದುಕೊಂಡ. ಹಿಡಿದುಕೊಂಡು ಸುಮ್ಮನಿದ್ದರೆ ಆಗಿತ್ತು. ಆದರೆ ಕಟ್ಟು ಬಿಚ್ಚಿದ ಎತ್ತು ತನ್ನ ಕೊಟ್ಟಿಗೆಗೇ ಹೋಗುವಂತೆ ಹೆಬ್ಬೆರಳು ಮುಂದಿನ ಟೈರಿಗೆ ಹೋಯಿತು. ಟೈರು ಒಳಕ್ಕೆ ತಗ್ಗಿತು. ಆ ಹೊತ್ತಿಗೇ ಸರಿಯಾಗಿ, ಆಟ ನೋಡಲು ಬಂದಿದ್ದ ಅವನ ಹಳೆಯ ಗಿರಾಕಿ ಮಾಲತೇಶಪ್ಪ ಬಗ್ಗಿ ತಾನೂ ಒಂದು ಸಲ ಒತ್ತಿ, ನಾಲ್ಕು ಜನಕ್ಕೆ ಕೇಳುವಂತೆ, "ಏನಪ ಕುಬೇರಪ್ಪ, ಊರಿಗೆಲ್ಲ ಗಾಳಿ ಹಾಕ್ತಿ, ನಿನ್ನ ಸೊಸಿ ಸೈಕಲ್ಲಿಗೇ ಗಾಳಿ ಇಲ್ಲಲ್ಲೋ!" ಅಂದ. ಜನ ನಕ್ಕರು. ಅವರೇನೂ ಕೆಟ್ಟವರಲ್ಲ, ನಗುವ ಮಾತಿಗೆ ನಕ್ಕರು. ಕುಬೇರಪ್ಪನ ಮುಖ ಕಾದುಹೋಯಿತು. ಹುಡುಗಿ ಅವಸರದಲ್ಲಿ ಮರೆತಿದ್ದಾಳೆ ಎಂದುಕೊಂಡ, ಮರೆತರೆ ನೋಡಿಕೊಳ್ಳುವುದಕ್ಕಲ್ಲವೇ ಸೋದರಮಾವ ಇರುವುದು ಎಂದೂ ಅಂದುಕೊಂಡ. ಅವರೆಲ್ಲ ಅತ್ತ ಸರಿದ ಮೇಲೆ ಚೀಲದಿಂದ ಕೈಪಂಪು ತೆಗೆದು ಹೆಬ್ಬೆರಳು ಸೋಲುವತನಕ ಒತ್ತಿದ. ಹೆಬ್ಬೆರಳು ಸೋತ ಮೇಲೆ ಪ್ರೀತಿಗೆಂದು ಇನ್ನೂ ನಾಲ್ಕು ಸಲ ಒತ್ತಿದ. ಅವಳು ಓಡುತ್ತ ಬಂದು, ಅರ್ಧ ಬಗ್ಗಿ ಅವನ ಕಾಲು ಮುಟ್ಟಿ, ಸೈಕಲ್ಲು ಇಸಿದುಕೊಂಡಳು. ಎಷ್ಟು ಅಚ್ಚುಕಟ್ಟಿನ ಹುಡುಗಿ, ಹೊರಡುವ ಮೊದಲು ಎಲ್ಲವನ್ನೂ ಮುಟ್ಟಿ ನೋಡುವವಳು, ಅವತ್ತು ನೋಡಲಿಲ್ಲ. ಸೈಕಲ್ಲು ಮಾವನ ಕೈಯಲ್ಲಿತ್ತಲ್ಲ.

ಮೂರನೆಯ ತಿರುವಿನಲ್ಲಿ ಗರಸು ಮಣ್ಣು. ಸಣ್ಣ ಸಣ್ಣ ಗುಂಡುಕಲ್ಲು ಚೆಲ್ಲಿದ ದಾರಿ. ಮೇಲಿಂದ ಅವನಿಗೆ ಎಲ್ಲ ಕಾಣುತ್ತಿತ್ತು. ಮುಂದಿನ ಗಾಲಿ ನೆಲಕ್ಕೆ ಕೂಡದೆ ಕಲ್ಲಿಂದ ಕಲ್ಲಿಗೆ ಪುಟಿಯುತ್ತ ಹೋಯಿತು, ತಿರುವಿಗೆ ಅವಳು ವಾಲಿದಾಗ ಗಾಲಿ ಮಾತ್ರ ತಿರುಗದೆ ಹೊರಕ್ಕೆ ಜಾರಿತು, ಅಷ್ಟೇ. ಧೂಳು ಎದ್ದು, ಬಹಳ ನಿಧಾನವಾಗಿ, ಕೆರೆಯ ಕಡೆಗೆ ಹೋಯಿತು. ಅವಳನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ ಮೇಲೆ ಕುಬೇರಪ್ಪ ಸೈಕಲ್ಲು ಹಿಡಿದು ನಿಂತಿದ್ದಾಗ ಬೇರೆ ಜಿಲ್ಲೆಯವರ ಜೊತೆ ಬಂದಿದ್ದ ಮೆಕ್ಯಾನಿಕ್ ಒಬ್ಬ ಮುಂದಿನ ಟೈರು ಒತ್ತಿ ನೋಡಿ, "ಯಜಮಾನ್ರೆ, ಇಷ್ಟು ಗಟ್ಟಿ ಯಾರು ಹಾಕಿದ್ದು? ಗರಸಿನ ಮೇಲೆ ಇದು ಹೆಂಗೆ ನಿಲ್ಲತ್ತೆ? ಟೈರು ಒಂಚೂರು ತಗ್ಗಿದ್ರೆ ಅಲ್ವಾ ಅದರ ಹಲ್ಲು ನೆಲ ಕಚ್ಚೋದು?" ಎಂದು ಕೇಳಿದ. "ಗೊತ್ತಿಲ್ರಿ" ಅಂದ ಕುಬೇರಪ್ಪ. ಬಾಯಿ ತಾನಾಗಿಯೇ ಅಂದುಬಿಟ್ಟಿತು. ಆಮೇಲೆ ಆಸ್ಪತ್ರೆ. ಹೆಗಲಿನ ಮೂಳೆ ಮುರಿದಿತ್ತು. ತರಬೇತಿಯ ಮೇಷ್ಟ್ರು ಮಂಚದ ಪಕ್ಕ ನಿಂತು, ಇಳಿಜಾರಿನಲ್ಲಿ ಹೆದರಿದವರು ಹಿಂದಕ್ಕೆ ಸರಿಯುತ್ತಾರೆ, ಹಿಂದಕ್ಕೆ ಸರಿದರೆ ಮುಂದಿನ ಗಾಲಿಯ ಮೇಲೆ ಭಾರ ಇರುವುದಿಲ್ಲ, ಭಾರ ಇಲ್ಲದ ಗಾಲಿ ಜಾರುತ್ತದೆ, ಎಂದು ಪಾಠ ಹೇಳುವಂತೆ ಹೇಳಿದರು. ಸುಳ್ಳೇನಲ್ಲ ಅದು, ಆದರೆ ಅವತ್ತಿನ ನಿಜ ಅದಾಗಿರಲಿಲ್ಲ. ಅಂಬಿಕಾ ಮಾವನ ಕಡೆ ತಿರುಗಿದಳು. "ಮೇಲಿಂದ ನೋಡ್ತಿದ್ರಲ್ಲ ಮಾವ, ನಾನು ಹೆದರಿದ್ನಾ? ಹಿಂದಕ್ಕೆ ಸರಿದ್ನಾ?" ಕುಬೇರಪ್ಪ ಸಲೈನಿನ ಬಾಟಲಿ ನೋಡುತ್ತ, "ಹೆದರಿಕೆ ಅನ್ನಾದು ಯಾರಿಗಿಲ್ಲವ್ವ" ಎಂದುಬಿಟ್ಟ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳು ಅದನ್ನು ಹೌದು ಎಂದೇ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿಂದೀಚೆಗೆ ಯಾರಾದರೂ ಅಂಬಿಕಾಳ ಹೆಗಲು ಹೇಗಿದೆ ಎಂದು ಕೇಳಿದರೆ ಅವನ ಕೈ ತನ್ನ ಹೆಗಲಿಗೆ ಹೋಗುತ್ತಿತ್ತು. ಹೇಳಿಬಿಡಬೇಕೆಂದು ಎಷ್ಟೋ ಸಲ ಎಸ್.ಎಸ್. ಬಡಾವಣೆಯ ಮನೆಯ ಬಾಗಿಲತನಕ ಹೋಗಿದ್ದ. ಅಕ್ಕ ಚಹಾ ಕೊಡುತ್ತಿದ್ದಳು, ಅವನು ಕುಡಿದು ಬರುತ್ತಿದ್ದ.

ಟೈರಿನ ಮೇಲಿದ್ದ ಹೆಬ್ಬೆರಳನ್ನು ತೆಗೆದ. ವಾಲ್ವಿನ ಟೋಪಿ ಬಿಚ್ಚಿ, ಉಗುರಿನಿಂದ ಒಳಗಿನ ಮೊಳೆ ಒತ್ತಿದ. ಸುಯ್ ಎಂದು ಅವತ್ತಿನ ಗಾಳಿ ಹೊರಬಂತು. ಕುಬೇರಪ್ಪ ಮುಖ ಹತ್ತಿರ ಒಯ್ದ. ತಣ್ಣಗಿತ್ತು. ರಬ್ಬರಿನ ವಾಸನೆಯೇ ಇದ್ದೀತು, ಆದರೆ ಅವನಿಗೆ ಕೊಂಡಜ್ಜಿಯ ಬೆಳಗಿನ ಹುಲ್ಲು ಮೂಗಿಗೆ ಬಂದಂತಾಯಿತು. ಜನರ ನಗುವೂ ಅದರಲ್ಲಿ ಸಿಕ್ಕಿಕೊಂಡಿತ್ತು ಎನ್ನಿಸಿತು. ಕಣ್ಣು ಉರಿಯಿತು. ಈ ಮೂರು ತಿಂಗಳು ಅವನು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಫೋನಿನೊಳಗೆ ಕಣ್ಣಿಟ್ಟು, ಭಾಷೆ ಬಾರದ ಯಾವ್ಯಾವುದೋ ದೇಶದವರ ಕೈಗಳನ್ನು ನೋಡಿ ಕಲಿತಿದ್ದ. ಟೈರು ಅರ್ಧ ಹಣ್ಣಾದ ಸೀಬೆಯಷ್ಟು ಮೆತ್ತಗಿರಬೇಕು. ಅಷ್ಟಕ್ಕೇ ಬಿಟ್ಟ. ಮುಂದಿನ ಶಾಕು ಸವಾರ ನಿಂತ ಭಾರಕ್ಕೇ ಒಂದಿಷ್ಟು ತಗ್ಗಬೇಕು. ಅದನ್ನೂ ತಿರುಗಿಸಿ ಸಡಿಲ ಮಾಡಿದ. ಹ್ಯಾಂಡಲ್ಲಿನ ಕುತ್ತಿಗೆಯಡಿ ಇದ್ದ ಎರಡು ಬಳೆಗಳನ್ನು, ಹ್ಯಾಂಡಲ್ಲಿಗೆ ಎತ್ತರ ಕೊಡುವ ಲೋಹದ ಉಂಗುರಗಳನ್ನು, ಬಿಚ್ಚಿ ಕುತ್ತಿಗೆಯ ಮೇಲಕ್ಕೆ ಹಾಕಿದ. ಹ್ಯಾಂಡಲ್ಲು ಬೆರಳಗಲ ಕೆಳಗಿಳಿಯಿತು. ಹ್ಯಾಂಡಲ್ಲು ಇಳಿದರೆ ಸವಾರನ ಎದೆ ಮುಂದೆ ಬರುತ್ತದೆ, ಎದೆ ಮುಂದೆ ಬಂದರೆ ಗಾಲಿ ನೆಲ ಬಿಡುವುದಿಲ್ಲ. ಹ್ಯಾಂಡಲ್ಲಿನ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಅದನ್ನು ಮಾತ್ರ ಒರೆಸಲಿಲ್ಲ.

"ಮಾರಾ ಸೈಕಲ್ಲಿಗೆ ಯಾಕ ಮಾವ ಇಷ್ಟೆಲ್ಲ?" ಅಂಬಿಕಾ ಶಟರಿನಡಿ ಬಗ್ಗಿ ಒಳಗೆ ಬಂದಿದ್ದಳು. ಬಲಗೈಯಲ್ಲಿ ಸ್ಕೂಟಿಯ ಹೆಲ್ಮೆಟ್ಟು, ಎಡ ಹೆಗಲು ಇನ್ನೂ ಒಂಚೂರು ಮುದುಡಿಕೊಂಡೇ ಇತ್ತು.

"ಮಗಳ್ನ ಕಳಿಸಾವಾಗ ತಲೆ ಬಾಚದೆ ಕಳಿಸ್ತಾರೇನವ್ವ."

ಅವಳು ನಕ್ಕಳು. ಆದರೆ ಸೈಕಲ್ಲಿನ ಕಡೆ ನೋಡಲಿಲ್ಲ. ಜಗಳವಾಡಿದ ಗೆಳತಿ ಮನೆಗೆ ಬಂದಾಗ ಗೋಡೆಯ ಕ್ಯಾಲೆಂಡರು ನೋಡುವವರ ಹಾಗೆ, ತೂಗು ಹಾಕಿದ ಟ್ಯೂಬುಗಳನ್ನು ನೋಡಿದಳು. "ಲಗೇಜ್ ಆಟೋ ಹೇಳ್ಲಾ?" ಅಂದಳು.

"ಬ್ಯಾಡ. ನಾನೇ ತುಳಕಂಡು ಬರ್ತೀನಿ. ನೀನು ಸ್ಕೂಟಿಯಾಗೆ ಹಿಂದೆ ಬಾ."

"ಹರಿಹರ ಅಂದ್ರೆ ಪಕ್ಕದ ಓಣಿಯೇನು ಮಾವ? ಮಂಡಿ ಹಿಡ್ಕಂಡ್ರೆ ಅತ್ತಿ ನನ್ನ ಬೈತಾಳೆ."

"ಬೈಸ್ಕ."

ಹಳೆಯ ಪಿ.ಬಿ. ರಸ್ತೆಯಲ್ಲಿ ಬಿಸಿಲು ಬೆನ್ನಿಗಿತ್ತು. ಪಶ್ಚಿಮಕ್ಕೆ ಹೊರಟವನ ನೆರಳು ಅವನ ಮುಂದೆ, ಸೈಕಲ್ಲಿನ ಮುಂದೆ, ಉದ್ದಕ್ಕೆ ಚಾಚಿಕೊಂಡು ಓಡುತ್ತಿತ್ತು; ಎಷ್ಟು ತುಳಿದರೂ ಗಾಲಿ ಅದರ ತಲೆಯನ್ನು ಮುಟ್ಟುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆ ರಸ್ತೆಗೆ ಅಡ್ಡಲಾಗಿ ನಿಂತಿತ್ತು, ಅದರೊಳಗೆ ಹೊಕ್ಕು ಹೊರಬಿದ್ದಾಗ ಊರು ಹಿಂದೆ ಉಳಿದಿತ್ತು. ಕುಬೇರಪ್ಪನಿಗೆ ಅಂಗೈಯಲ್ಲಿ ಏನೋ ಹೊಸದು ತಿಳಿಯತೊಡಗಿತು. ಇಷ್ಟು ವರ್ಷ ತುಳಿದ ಸೈಕಲ್ಲುಗಳಲ್ಲಿ ರಸ್ತೆ ಎಂದರೆ ಬರೀ ಪೆಟ್ಟು; ಕಲ್ಲು ಬಂದರೆ ಹಲ್ಲು ಕಟಕಟಿಸುವುದು, ಗುಂಡಿ ಬಂದರೆ ನಡು ಹಿಡಿಯುವುದು. ಇದರ ಮುಂದಿನ ಗಾಲಿ ಹಾಗಲ್ಲ. ಡಾಂಬರಿನ ಒರಟನ್ನು, ಅಂಚಿನ ಮರಳನ್ನು, ಯಾವನೋ ಚೆಲ್ಲಿಹೋದ ಮೆಕ್ಕೆಜೋಳದ ಕಾಳನ್ನು ಒಂದೊಂದಾಗಿ ಮುಟ್ಟಿ ನೋಡಿ ಅಂಗೈಗೆ ಹೇಳುತ್ತಿತ್ತು. ಕುರುಡರು ಮಕ್ಕಳ ಮುಖ ಸವರಿ ನೋಡುವ ಹಾಗೆ. ದೊಡ್ಡಬಾತಿ ದಾಟಿದ ಮೇಲೆ ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿಸಿದ, ತಿರುಗಿಸಿದ, ವಾಲಿಸಿದ. ಗಾಲಿ ಜಾರಲಿಲ್ಲ. ಮತ್ತೂ ವಾಲಿಸಿದ. ನೆಲ ಅದನ್ನು ಬಿಡಲೇ ಇಲ್ಲ. ಫೋನಿನಲ್ಲಿ ನೋಡಿ ತಿಳಿದದ್ದು ಬೇರೆ, ಅಂಗೈಯಲ್ಲಿ ತಿಳಿಯುವುದು ಬೇರೆ. ಹುಡುಗಿ ಹಿಂದಕ್ಕೆ ಸರಿದಿದ್ದರೂ ಈ ಟೈರು ಅವಳನ್ನು ಉಳಿಸುತ್ತಿತ್ತು. ಅವಳು ಸರಿದಿರಲೂ ಇಲ್ಲ.

ಗದ್ದೆಗಳಿಗೆ ನೀರು ಬಿಟ್ಟಿದ್ದರು. ಕಾಲುವೆಯ ನೀರು ಮಡಿಮಡಿಗಳಲ್ಲಿ ನಿಂತು, ಆಕಾಶ ತುಂಡುತುಂಡಾಗಿ ನೆಲದಲ್ಲಿ ಬಿದ್ದಿತ್ತು. ಎರಡು ಆಕಾಶದ ನಡುವೆ ಸೈಕಲ್ಲು ಸದ್ದಿಲ್ಲದೆ ಹೋಗುತ್ತಿತ್ತು. ಹಿಂದೆ ಸ್ಕೂಟಿಯ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ. ಅವನಿಗೆ ಹಳೆಯ ದಿನವೊಂದು ನೆನಪಾಯಿತು. ಎಂಟು ವರ್ಷದ ಅಂಬಿಕಾ ಬಾಡಿಗೆಯ ಚಿಕ್ಕ ಸೈಕಲ್ಲಿನ ಮೇಲೆ ಕೂತಿದ್ದಳು, ಎಸ್.ಎಸ್. ಬಡಾವಣೆಯಲ್ಲಿ ಆಗ ಮನೆಗಳಿಗಿಂತ ಬಯಲೇ ಹೆಚ್ಚು, ಅವನು ಸೀಟು ಹಿಡಿದು ಹಿಂದೆ ಓಡುತ್ತಿದ್ದ. "ಮಾವ, ಹಿಡ್ಕಂಡೀರಾ?" "ಹಿಡ್ಕಂಡೀನವ್ವ." "ಹಿಡ್ಕಂಡೀರಾ?" "ಹೂಂನವ್ವ." ಅವನು ಆಗಲೇ ಬಿಟ್ಟು ಇಪ್ಪತ್ತು ಮಾರು ಹಿಂದೆ ನಿಂತಿದ್ದ. ಅವಳು ಬಯಲ ತುದಿಗೆ ಹೋಗಿ, ತಿರುಗಿ ನೋಡಿ, ಅವನು ಅಷ್ಟು ದೂರದಲ್ಲಿ ಚಿಕ್ಕವನಾಗಿ ನಿಂತಿರುವುದನ್ನು ಕಂಡು ಮೊದಲು ಅತ್ತಳು, ಆಮೇಲೆ ನಕ್ಕಳು. ಅದೂ ಸುಳ್ಳೇ. ಆದರೆ ಆ ಸುಳ್ಳು ಅವಳಿಗೆ ಸೈಕಲ್ಲು ಕೊಟ್ಟಿತ್ತು, ಈ ಸುಳ್ಳು ಕಿತ್ತುಕೊಂಡಿತ್ತು. ಹೇಳಿಬಿಡಬೇಕು ಎಂದುಕೊಂಡ. ಆ ಹುಣಸೆಮರ ಬರಲಿ, ನಿಲ್ಲಿಸಿ ಹೇಳುತ್ತೇನೆ. ಹುಣಸೆಮರ ಬಂತು, ಹೋಯಿತು. ಆ ಕಾಲುವೆಯ ಸೇತುವೆ ಬರಲಿ. ಅದೂ ಹಿಂದಕ್ಕೆ ಹೋಯಿತು. ಹೇಳಿದರೆ ಅವಳು ನಾಳೆಯಿಂದ ಮಾವ ಎನ್ನುವುದಿಲ್ಲವೇನೋ. ಹೇಳದಿದ್ದರೆ ಸಾಯುವತನಕ ತನ್ನನ್ನು ಹೆದರುಪುಕ್ಕಿ ಎಂದುಕೊಂಡೇ ಬದುಕುತ್ತಾಳೆ. ಎರಡನ್ನೂ ಹ್ಯಾಂಡಲ್ಲಿನ ಎರಡು ತುದಿಗೆ ತೂಗಿಹಾಕಿದಂತೆ, ಹಾಲಿನವರಂತೆ, ಸಮ ಮಾಡಿಕೊಂಡು ತುಳಿಯುತ್ತ ಹೋದ. ರಸ್ತೆ ಮುಗಿಯದಿದ್ದರೆ ಒಳ್ಳೆಯದು ಎನ್ನಿಸಿತು. ಆದರೆ ಹರಿಹರ ಬಂದೇ ಬಂತು.

ಕೊಳ್ಳುವವನು, ಔಷಧಿ ಅಂಗಡಿಯ ಅಂಜನಕುಮಾರ, ಸೇತುವೆಗೆ ಒಂದು ಕೂಗಿನಳತೆಯಲ್ಲಿ ಹೊಳೆಗೆ ಇಳಿಯುವ ಗರಸಿನ ಇಳಿಜಾರಿನ ಮೇಲ್ತುದಿಯಲ್ಲಿ ಕಾದಿದ್ದ. ಮೂವತ್ತರ ಮೇಲಿನ, ಹೊಟ್ಟೆ ಬರುತ್ತಿರುವ, ಸಂಕೋಚದ ಮನುಷ್ಯ. ಡಾಕ್ಟರು ಸೈಕಲ್ಲು ತುಳಿ ಅಂದಿದ್ದರಂತೆ. "ಬರ್ರಿ ಬರ್ರಿ" ಎಂದು ಎರಡು ಸಲ ಕೈಮುಗಿದ. ಜನವರಿಯ ತುಂಗಭದ್ರೆ ಸಣ್ಣಗಾಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ಆ ದಡದಲ್ಲಿ ಬಟ್ಟೆ ಒಗೆಯುವ ಪೆಟ್ಟು ಕಣ್ಣಿಗೆ ಮೊದಲು ಕಂಡು ಕಿವಿಗೆ ಆಮೇಲೆ ಬರುತ್ತಿತ್ತು. ಅಂಜನಕುಮಾರ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ, ಗಂಟೆ ಇಲ್ಲವಲ್ಲ ಅಂದ, ಸ್ಟ್ಯಾಂಡೂ ಇಲ್ಲವಲ್ಲ ಅಂದ. ಆಮೇಲೆ, ಈ ಸೀಮೆಯ ಯಾವನೇ ಆಗಲಿ ಸೈಕಲ್ಲು ಕೊಳ್ಳುವಾಗ ಮಾಡುವುದನ್ನೇ ಮಾಡಿದ. ಬಗ್ಗಿ ಮುಂದಿನ ಟೈರಿನ ಮೇಲೆ ಹೆಬ್ಬೆರಳು ಒತ್ತಿದ.

"ಮೆತ್ತಗೈತಲ್ರಿ ಇದು! ತಾಳ್ರಿ, ಹೊಸ ಪಂಪು ತಂದೀನಿ." ಚೀಲದಿಂದ ಪಂಪು ತೆಗೆದು ವಾಲ್ವಿಗೆ ಕೈ ಹಾಕಿದ.

ಕುಬೇರಪ್ಪ ಅವನ ಮುಂಗೈ ಹಿಡಿದುಕೊಂಡಿದ್ದ. ಎಷ್ಟು ಬಿಗಿಯಾಗಿ ಎಂದರೆ ಅಂಜನಕುಮಾರ "ಅಯ್ಯೊ" ಅಂದ.

"ಹಾಕಬ್ಯಾಡ್ರಿ."

"ಯಾಕ್ರಿ?"

"ಬೀಳ್ತೀರಿ."

ಅಂಬಿಕಾ ನಕ್ಕಳು. "ಮಾವ, ನೀವಾ ಈ ಮಾತು ಆಡಾದು? ಗಾಳಿ ಹಾಕಬ್ಯಾಡ ಅಂತ? ದಾವಣಗೆರೆ ಮಂದಿ ಕೇಳಿದ್ರೆ ಪೇಪರಿಗೆ ಹಾಕ್ತಾರೆ."

ಅವನು ಮುಂಗೈ ಬಿಟ್ಟ. ಬಟ್ಟೆಯ ಪೆಟ್ಟು ಒಂದು ಕಂಡಿತು, ಅದರ ಸದ್ದು ಬರುವಷ್ಟರಲ್ಲಿ ಹೇಳಿ ಮುಗಿಸಬೇಕು ಎನ್ನುವವನ ಹಾಗೆ, "ಅವತ್ತು ನಾನು ಹಾಕಿದ್ದೆ" ಅಂದ.

"ಏನು?"

"ಗಾಳಿ. ಕೊಂಡಜ್ಜಿಯಾಗೆ. ನೀನು ಹಿಡ್ಕಳ್ರಿ ಅಂತ ಕೊಟ್ಟು ಹೋದ್ಯಲ್ಲ, ಆವಾಗ. ಮೆತ್ತಗಿತ್ತು. ಮಾಲತೇಶಪ್ಪ ನಾಕು ಮಂದಿ ಮುಂದೆ ಆಡ್ಕಂಡ. ನಂಗೆ ತಡಿಲಿಲ್ಲ. ಕಲ್ಲಿನಂಗೆ ಹಾಕ್ಬಿಟ್ಟೆ. ನೀನು ಹೆದರಿರ್ಲಿಲ್ಲವ್ವ. ಹಿಂದಕ್ಕೂ ಸರಿದಿರ್ಲಿಲ್ಲ. ನಾನು ಮೇಲಿಂದ ಕಣ್ಣಾರೆ ನೋಡೀನಿ. ಗಾಲಿ ಜಾರ್ತು, ನೀನಲ್ಲ."

ಅಂಜನಕುಮಾರ ಪಂಪನ್ನು ನಿಧಾನವಾಗಿ ಚೀಲದೊಳಗೆ ಇಟ್ಟ. ಅಂಬಿಕಾ ಹೊಳೆಯ ಕಡೆ ನೋಡುತ್ತಿದ್ದಳು. ಅವಳು ಕೂಗಾಡಿದ್ದರೆ ಕುಬೇರಪ್ಪನಿಗೆ ಹಗುರವಾಗುತ್ತಿತ್ತು. ಅವಳು ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳು ಬಿಡಿಸಿ, ಯಾರದೋ ಕೈ ಎಂಬಂತೆ ಅವನ್ನೇ ನೋಡಿದಳು.

"ಅವತ್ತು ಹ್ಯಾಂಡಲ್ ಕೈಯಾಗೆ ನಿಲ್ತಿರ್ಲಿಲ್ಲ ಮಾವ. ದಡದಡ ಅಂತಿತ್ತು. ನನ್ನ ಕೈ ನಡುಗ್ತಾವೆ ಅಂದ್ಕಂಡೆ." ಅವಳ ದನಿ ಬಹಳ ಸಣ್ಣಗಿತ್ತು. "ಮೂರು ತಿಂಗ್ಳಾತು, ದಿನಾ ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ಹಿಂಗೆ ಕೈ ಚಾಚಿ ನೋಡ್ಕಂತೀನಿ. ನಡುಗ್ತಾವೇನು ಅಂತ."

"ತಪ್ಪಾತವ್ವ."

"ಗಾಳಿ ಹಾಕಿದ್ದು ಬಿಡ್ರಿ. ಗೊತ್ತಿಲ್ದೆ ಹಾಕಿದ್ರಿ, ಪ್ರೀತಿಗೇ ಹಾಕಿರ್ತೀರಿ." ಈಗ ಅವಳು ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ಕರುಣೆ ಇರಲಿಲ್ಲ. "ಆಸ್ಪತ್ರೆಯಾಗೆ ಕೇಳಿದ್ನಲ್ಲ ನಿಮ್ಮನ್ನ. ನಿಮ್ಮನ್ನೊಬ್ಬರನ್ನೇ ಕೇಳಿದ್ದೆ."

ಕುಬೇರಪ್ಪನ ಕಣ್ಣೊಳಗೆ ಅವತ್ತಿನ ಸಲೈನಿನ ಬಾಟಲಿಯಿಂದ ಹನಿ ಬೀಳುತ್ತಿತ್ತು, ಹೊಳೆಯ ನೀರು ಬಂಡೆಯಿಂದ ಇಳಿಯುತ್ತಿತ್ತು, ಅವನು ನೆಲ ನೋಡಿದ. ನೆಲದಲ್ಲಿ ಗರಸು, ಸಣ್ಣ ಸಣ್ಣ ಗುಂಡುಕಲ್ಲು. ಸ್ಕೂಟಿಯ ಮೇಲಿಟ್ಟಿದ್ದ ಹೆಲ್ಮೆಟ್ಟನ್ನು ಅವಳು ಎತ್ತಿಕೊಂಡ ಸದ್ದು ಕೇಳಿಸಿತು.

"ಹಿಡ್ಕಳ್ರಿ" ಅಂದಳು.

ಅವನು ಹಿಡಿದುಕೊಂಡ. ಒಂದು ಕೈ ಸೀಟಿಗೆ, ಒಂದು ಕೈ ಹ್ಯಾಂಡಲ್ಲಿಗೆ, ಹೆಬ್ಬೆರಳು ಎಲ್ಲಿ ಹೋಗಿಬಿಡುತ್ತದೋ ಎಂಬ ಭಯಕ್ಕೆ ಅದನ್ನು ಬೆರಳುಗಳ ಅಡಿಯಲ್ಲಿ ಮುಚ್ಚಿ ಹಿಡಿದ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಆ ಮೇಲೆ ಅವನೆದುರು ಕುಕ್ಕರುಗಾಲಲ್ಲಿ ಕೂತು, ಮುಂದಿನ ಟೈರನ್ನು ತನ್ನ ಹೆಬ್ಬೆರಳಿಂದ ಒತ್ತಿ ನೋಡಿದಳು. ಸುತ್ತಲೂ ನಾಲ್ಕು ಕಡೆ ಒತ್ತಿದಳು. ವಾಲ್ವಿನ ಟೋಪಿ ತೆಗೆದು ಸುಯ್ ಎಂದು ಇನ್ನೊಂದು ಚಿಟಿಕೆ ಬಿಟ್ಟಳು. ಬ್ರೇಕು ಹಿಡಿದು ನೋಡಿದಳು, ಗಾಲಿಯ ನಟ್ಟು ಮುಟ್ಟಿ ನೋಡಿದಳು, ಶಾಕನ್ನು ಎರಡು ಸಲ ಅದುಮಿದಳು. ಅವನು ಮುಟ್ಟಿದ ಒಂದನ್ನೂ ಅವಳು ನೋಡದೆ ಬಿಡಲಿಲ್ಲ.

"ಹ್ಯಾಂಡಲ್ ಇಳಿಸೀರಾ?"

"ಎರಡು ಬಳಿ."

"ಹೂಂ."

ಹತ್ತಿದಳು. ಇಳಿಜಾರಿನ ತುಟಿಯಲ್ಲಿ ಒಂದು ಕಾಲು ನೆಲಕ್ಕೂರಿ ನಿಂತಳು. ಎಡ ಹೆಗಲು ಮುದುಡಿಯೇ ಇತ್ತು. ಕುಬೇರಪ್ಪನಿಗೆ ಬ್ಯಾಡವ್ವ ಎನ್ನಬೇಕೆನಿಸಿತು, ಆದರೆ ಆ ಮಾತನ್ನಾಡುವ ಹಕ್ಕು ತನಗೆ ಉಳಿದಿಲ್ಲವೆಂದು ಸೀಟಿನಿಂದ ಕೈ ತೆಗೆದ. ಕಾಲು ಎತ್ತಿದಳು. ಸೈಕಲ್ಲು ಅಂಚು ದಾಟಿ ಕೆಳಕ್ಕೆ ಇಳಿಯಿತು. ಮೊದಲು ನಿಧಾನ, ಆಮೇಲೆ ನಿಧಾನವಲ್ಲ. ಅವಳ ಮೊಣಕೈ ಅಗಲವಾದವು, ಎದೆ ಹ್ಯಾಂಡಲ್ಲಿನ ಮೇಲೆ ಬಂತು. ಗರಸಿನ ಮೇಲೆ ಮುಂದಿನ ಗಾಲಿ ಪುಟಿಯಲಿಲ್ಲ, ಕಲ್ಲುಗಳನ್ನು ಒಂದೊಂದಾಗಿ ನುಂಗುತ್ತ ಹೋಯಿತು. ಸದ್ದೇ ಬೇರೆಯಾಗಿತ್ತು, ದಡದಡ ಅಲ್ಲ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ತಿರುವಿನಲ್ಲಿ ಅವಳು ವಾಲಿದಳು. ಕುಬೇರಪ್ಪ ಕಣ್ಣು ಮುಚ್ಚಲಿಲ್ಲ. ಮುಚ್ಚಬಾರದು ಎಂದು ಹಟ ಹಿಡಿದು ನೋಡಿದ. ಗಾಲಿ ತಿರುಗಿತು, ಸೈಕಲ್ಲು ತಿರುಗಿತು, ಹುಡುಗಿ ತಿರುಗಿದಳು, ಮೂರೂ ಒಂದೇ ಆಗಿ ನೀರಿನ ಅಂಚಿಗೆ ಹೋಗಿ ನಿಂತವು. ಧೂಳು ಬಹಳ ನಿಧಾನವಾಗಿ ಹೊಳೆಯ ಕಡೆಗೆ ತೇಲಿತು.

ಅವಳು ಬಹಳ ಹೊತ್ತು ಹಿಂದಿರುಗಿ ನೋಡಲಿಲ್ಲ. ಹ್ಯಾಂಡಲ್ಲಿನಿಂದ ಕೈ ತೆಗೆದು ಮುಂದಕ್ಕೆ ಚಾಚಿದ್ದು ಮಾತ್ರ ಇಲ್ಲಿಂದ ಕಾಣುತ್ತಿತ್ತು.

"ಏನ್ರಿ ಇದು" ಅಂಜನಕುಮಾರ ಮೆಲ್ಲಗೆ ಕೇಳಿದ, "ಕೊಡ್ತಾರಾ, ಇಲ್ವಾ?"

"ಗೊತ್ತಿಲ್ರಿ" ಅಂದ ಕುಬೇರಪ್ಪ. ಮೂರು ತಿಂಗಳ ಹಿಂದೆ ಆಡಿದ್ದ ಮಾತೇ. ಈ ಸಲ ಅದು ನಿಜವಾಗಿತ್ತು.

ಅವಳು ಸೈಕಲ್ಲನ್ನು ತಳ್ಳಿಕೊಂಡು ಮೇಲೆ ಬಂದಳು. ಮುಖ ಕೆಂಪಾಗಿತ್ತು, ಉಸಿರು ದೊಡ್ಡದಾಗಿ ಬರುತ್ತಿತ್ತು. "ಅಣ್ಣಾರೆ, ತಪ್ಪು ತಿಳ್ಕಬ್ಯಾಡ್ರಿ. ಸೈಕಲ್ ಕೊಡಲ್ಲ" ಎಂದು ಅಂಜನಕುಮಾರನಿಗೆ ಕೈಮುಗಿದಳು. ಅವನು, "ಇರ್ಲಿ ತಂಗಿ, ನನಗಿದು ಅಲ್ಲ ಬಿಡ್ರಿ, ನಾನೊಂದು ಸ್ಟ್ಯಾಂಡ್ ಇರಾದು ತಗಂತೀನಿ" ಎಂದು ನಿಟ್ಟುಸಿರಿಟ್ಟ. ಆಮೇಲೆ ಅವಳು ಜೇಬಿನಿಂದ ಸ್ಕೂಟಿಯ ಕೀ ತೆಗೆದು ಮಾವನ ಮುಂದೆ ಹಿಡಿದಳು. ಮುಖ ನೋಡಲಿಲ್ಲ, ಹೊಳೆ ನೋಡುತ್ತಿದ್ದಳು.

"ಸ್ಕೂಟಿ ನೀವು ತಗಂಡು ಬರ್ರಿ. ನಾನು ಇದ್ರಾಗೆ ಹೋಗ್ತೀನಿ."

"ಹೆಗಲು ನೋಯಲ್ಲೇನವ್ವ?"

"ನೋಯತ್ತೆ." ಪೆಡಲಿಗೆ ಕಾಲಿಟ್ಟು ಒಂದು ಗಳಿಗೆ ತಡೆದಳು. "ಇನ್ಮೇಲೆ ಗಾಳಿ ನಾನೇ ಹಾಕ್ಕಂತೀನಿ ಮಾವ."

"ಆತವ್ವ" ಎಂದ ಕುಬೇರಪ್ಪ. ಬೆರಳುಗಳ ಅಡಿಯಲ್ಲಿ ಇನ್ನೂ ಮುಚ್ಚಿಕೊಂಡೇ ಇದ್ದ ಹೆಬ್ಬೆರಳನ್ನು ಬಿಡಿಸಿ, ಕೀ ತೆಗೆದುಕೊಂಡ.